ಗಂಗೆಯ ಗಿಂಡಿಯಲ್ಲಿ ಹಳ್ಳದ ನೀರು

ಹೋದ ವಾರ ಸಬ್ಬಕ್ಕಿ ನೆನೆಹಾಕಿ ಮರೆತುಬಿಟ್ಟೆ. ಸಂಡಿಗೆ ಮಾಡೋಣವೆಂದು ದೊಡ್ಡ ಪಾತ್ರೆಗೆ ಸುರಿದು, ನೀರು ಹೊಯ್ದು, ಮೇಲೊಂದು ತಟ್ಟೆ ಮುಚ್ಚಿದ್ದೆ. ಅಷ್ಟರಲ್ಲಿ ನಾದಿನಿಗೆ ಹುಷಾರಿಲ್ಲವೆಂದು ಫೋನ್ ಬಂತು, ಗಂಡ ಹೆಂಡತಿ ಇಬ್ಬರೂ ಮೈಸೂರಿಗೆ ಹೊರಟೆವು. ತಿರುಗಿ ಬಂದು ಬೀಗ ತೆಗೆದರೆ ಕೊಳ್ಳೇಗಾಲದ ನನ್ನ ಅಡುಗೆಮನೆಯ ತುಂಬ ತವರೂರಿನ ವಾಸನೆ. ಹುಳಿ ಹುಳಿ, ಗೆಣಸು ಕೊಳೆತದ್ದು, ಮೂಗಿನೊಳಗೆ ಹೋಗಿ ಕೂತರೆ ಊಟಕ್ಕೆ ಕೂತಾಗಲೂ ಎದ್ದು ಹೋಗದಂಥದ್ದು. ನನ್ನವರು ಮೂಗು ಹಿಡಿದುಕೊಂಡು, "ಏನೇ ಇದು, ಇಲಿಗಿಲಿ ಸತ್ತಿದೆಯಾ?" ಎಂದರು. "ಇಲಿ ಅಲ್ಲ, ನಮ್ಮೂರು" ಎಂದೆ. ಅವರು ತಮಾಷೆಯೆಂದು ನಕ್ಕರು. ನಾನು ಪಾತ್ರೆಯನ್ನು ಹಿತ್ತಿಲಿಗೆ ಒಯ್ದು ಚೆಲ್ಲಿ, ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ.

ನನ್ನ ತವರು ಇರುವುದು ಸೇಲಂ ಜಿಲ್ಲೆಯಲ್ಲಿ, ಕೊಳತ್ತೂರಿನಿಂದ ಒಳಗೆ, ಮೆಟ್ಟೂರು ಅಣೆಯ ಹಿನ್ನೀರಿಗೆ ಹತ್ತಿರ. ಬೀದಿಯಲ್ಲಿ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಕನ್ನಡವೆಂದರೆ ಬರೀ ಬಾಯಿಮಾತು. ಅದಕ್ಕೂ ಅಕ್ಷರಗಳಿವೆ ಎಂಬುದು ನನಗೆ ಸರಿಯಾಗಿ ತಿಳಿದದ್ದೇ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದ ಮೇಲೆ. ಮಗಳ ಒಂದನೇ ಕ್ಲಾಸಿನ ಪುಸ್ತಕ ಹಿಡಿದು ಅವಳ ಜೊತೆಯಲ್ಲೇ ಕಲಿತೆ. ಅವಳು ಬೇಗ ಕಲಿತಳು, ನನಗೆ ಒತ್ತಕ್ಷರಗಳು ವರ್ಷಗಟ್ಟಲೆ ಕಾಟ ಕೊಟ್ಟವು.

ಊರ ಕೆಳಗೊಂದು ಹಳ್ಳ. ಮಳೆಗಾಲದಲ್ಲಿ ಹರಿಯುತ್ತದೆ, ಬೇಸಿಗೆಯಲ್ಲಿ ಬರೀ ಮರಳು. ಆ ಮರಳನ್ನು ಮೊಣಕೈ ಆಳ ತೋಡಿದರೆ ಒರತೆ ಬರುತ್ತಿತ್ತು. ನಾವು ಚಿಕ್ಕವರಿದ್ದಾಗ ಕುಡಿದದ್ದು ಅದೇ ನೀರು. ಮನೆಯಲ್ಲಿ ಒಂದು ಪದ್ಧತಿಯೂ ಇತ್ತು. ಸಾಯುವ ಹೊತ್ತಿನಲ್ಲಿ ಬಾಯಿಗೆ ಬಿಡುವ ನೀರು ಆ ಒರತೆಯದೇ ಆಗಬೇಕು. "ಯಾವ್ ನೀರ್ ಕುಡ್ದು ಬೆಳೆದ್ಯೋ ಅದ್ನೇ ಕುಡ್ಕೊಂಡು ಓಗ್ಬೇಕು. ಇಲ್ದಿದ್ರೆ ಜೀವಕ್ಕೆ ದಾರಿ ಗೊತ್ತಾಗಾಕಿಲ್ಲ" ಎಂದು ಅವ್ವ ಹೇಳುತ್ತಿದ್ದಳು.

ನಾನು ಹೈಸ್ಕೂಲಿಗೆ ಹೋಗುವ ಕಾಲಕ್ಕೆ ಹಳ್ಳದ ಮೇಲ್ಗಡೆ ಜವ್ವರಿಸಿ ಫ್ಯಾಕ್ಟರಿ ಬಂತು. ನಾವು ಸಬ್ಬಕ್ಕಿ ಎನ್ನುವುದಕ್ಕೆ ಅಲ್ಲಿ ಜವ್ವರಿಸಿ ಎನ್ನುತ್ತಾರೆ. ಮರಗೆಣಸನ್ನು ತೊಳೆದು, ಸಿಪ್ಪೆ ಸುಲಿದು, ಅರೆದು, ಹಾಲು ತೆಗೆದು ಮಾಡುವ ಕೆಲಸ. ಅದಕ್ಕೆ ಕೊಡಗಟ್ಟಲೆ ಅಲ್ಲ, ಬಾವಿಗಟ್ಟಲೆ ನೀರು ಬೇಕು, ಅಷ್ಟೂ ನೀರು ಹುಳಿತು ಹೊರಗೆ ಬರಬೇಕು. ಬಂದದ್ದು ನಮ್ಮ ಹಳ್ಳಕ್ಕೆ. ಮೊದಲು ಮೀನು ಸತ್ತವು, ಆಮೇಲೆ ಒರತೆ ಬೆಳ್ಳಗಾಯಿತು, ಆಮೇಲೆ ಊರೇ ಹಳ್ಳದ ಕಡೆ ಬೆನ್ನು ತಿರುಗಿಸಿ ಕೂತಿತು. ಊರವರು ತಕರಾರು ಮಾಡದೆ ಇರಲಿಲ್ಲ. ಕೊಳೆನೀರು ಶುದ್ಧ ಮಾಡಿ ಬಿಡುವುದಕ್ಕೆ ಒಂದು ತೊಟ್ಟಿ ಕಟ್ಟಿಸಿ ಎಂದು ಕೇಳಿದರು. ಫ್ಯಾಕ್ಟರಿಯವರ ಉತ್ತರ ಯಾವಾಗಲೂ ಒಂದೇ. ತೊಟ್ಟಿ ಕಟ್ಟಬೇಕಾದರೆ ಕೆಲಸ ನಿಲ್ಲಿಸಬೇಕು, ಕೆಲಸ ಒಂದು ದಿನವೂ ನಿಲ್ಲಿಸಲು ಆಗುವುದಿಲ್ಲ. ಊರಲ್ಲಿ ಅರ್ಧಕ್ಕರ್ಧ ಹೊಲ ಮರಗೆಣಸೇ ಆಗಿತ್ತು, ನನ್ನ ಅಣ್ಣ ಮಾದೇಶನದೂ ಸೇರಿ. ಆದ್ದರಿಂದ ಆ ಉತ್ತರವನ್ನು ಎಲ್ಲರೂ ನಂಬಿದರು.

ಅಪ್ಪ ಸಾಯುವಾಗ ಅಣ್ಣ ಚೊಂಬು ಹಿಡಿದು ಹಳ್ಳಕ್ಕೆ ಓಡಿದ. ತೋಡಿದರೆ ಗಂಜಿಯಂಥ ನೀರು ಬಂತು. ಬರಿಗೈಯಲ್ಲಿ ತಿರುಗಿ ಬಂದ. ಪಕ್ಕದ ಮನೆಯವರು ಕಾಶಿಯಿಂದ ತಂದಿಟ್ಟಿದ್ದ ತಾಮ್ರದ ಗಂಗೆ ಗಿಂಡಿಯನ್ನೇ ಕೊಟ್ಟರು. ಬೆಸುಗೆ ಒಡೆದು ಅಪ್ಪನ ಬಾಯಿಗೆ ಗಂಗೆ ಬಿಟ್ಟೆವು. ಎಂಥ ಪುಣ್ಯವಂತ ಎಂದು ಊರೆಲ್ಲ ಆಡಿಕೊಂಡಿತು. ಅವ್ವನಿಗೆ ಮಾತ್ರ ಅದು ಮುಳ್ಳಾಗಿ ಉಳಿಯಿತು. "ಗುರ್ತಿಲ್ದಿದ್ ನೀರ್ ಕುಡ್ಕೊಂಡು ಅದ್ಯಾವ್ ಊರ್ಗೆ ಓದ್ನೋ ಶಿವ್ನೇ" ಎನ್ನುತ್ತಿದ್ದಳು. ಖಾಲಿ ಗಿಂಡಿಯನ್ನು ತೊಳೆದು, ದೇವರ ಗೂಡಿನಲ್ಲಿ ಬೋರಲು ಇಟ್ಟಿದ್ದಳು.

ಇಷ್ಟು ಹೇಳಿದ್ದು ಕೊರೋನಾ ಬಂದ ವರ್ಷದ ಕತೆಗೆ.

ಆ ವರ್ಷ ಯುಗಾದಿಗೆಂದು ಎರಡೇ ಸೀರೆ ಚೀಲಕ್ಕೆ ಹಾಕಿಕೊಂಡು ತವರಿಗೆ ಹೋಗಿದ್ದೆ. ಬೇವು ಬೆಲ್ಲ ತಿನ್ನುವ ಹೊತ್ತಿಗೆ ದೇಶಕ್ಕೆ ಬೀಗ ಬಿದ್ದಿತ್ತು. ಗಡಿಯ ಪಾಲಾರ್ ಚೆಕ್‌ಪೋಸ್ಟಿನಲ್ಲಿ ಅಡ್ಡಗಂಬ ಇಳಿಯಿತು. ಆಚೆ ನನ್ನ ಗಂಡ, ಮಗಳು, ಈಚೆ ನಾನು. ಮಾದಪ್ಪನ ಬೆಟ್ಟಕ್ಕೂ ಯಾರನ್ನೂ ಬಿಡುತ್ತಿರಲಿಲ್ಲ. "ದೇವ್ರೇ ಬಾಗ್ಲಾಕ್ಕೊಂಡ್ ಮೇಲೆ ನಿನ್ ಗಂಡನ್ ಮನೆ ಯಾವ್ ಲೆಕ್ಕ? ಕೂತ್ಕೋ, ಉಂಡ್ಕೊಂಡಿರು" ಎಂದಳು ಅವ್ವ. ಅವಳಿಗೆ ಒಳಗೊಳಗೇ ಖುಷಿ.

ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ಅಣ್ಣನ ಮಗಳು. ಆ ಹುಡುಗಿಯ ಹೆಸರು ಇಲಕ್ಕಿಯಾ. ಅಪ್ಪಟ ತಮಿಳು ಹೆಸರು ಬೇಕೆಂದು ಅಣ್ಣ ಹುಡುಕಿ ಇಟ್ಟದ್ದು. ಅವ್ವನ ನಾಲಿಗೆ ಅದನ್ನು ಒಪ್ಪದೆ ಮೊದಲ ದಿನದಿಂದಲೂ ಏಲಕ್ಕಿ ಎಂದೇ ಕರೆಯಿತು. ಸೇಲಂನಲ್ಲಿ ಕಾಲೇಜು ಓದುತ್ತಿದ್ದವಳು ಹಾಸ್ಟೆಲ್ ಮುಚ್ಚಿದ್ದರಿಂದ ಮನೆಗೆ ಬಂದಿದ್ದಳು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತಮಿಳಿನಲ್ಲಿ ಮುಗಿಸುತ್ತಿದ್ದಳು.

ಆಟೋಕ್ಕೆ ಮೈಕು ಕಟ್ಟಿಕೊಂಡು ಬಂದವರು ಎಲ್ಲರೂ "ಮುಗಕ್ಕವಸಂ" ಹಾಕಬೇಕೆಂದು ಸಾರಿದರು. ತಮಿಳಿನಲ್ಲಿ ಮುಗ ಎಂದರೆ ಮುಖ. ನಮ್ಮವರ ಕಿವಿಗೆ ಅದು ಮೂಗು. ಅವ್ವ ಮಾಸ್ಕನ್ನು ಮೂಗಿಗೆ ಮಾತ್ರ ಕಟ್ಟಿ, ಕೆಳಗೆ ಎಲೆಯಡಿಕೆ ಜಗಿಯುತ್ತ ಜಗಲಿಯಲ್ಲಿ ಕೂತಳು. ಇಲಕ್ಕಿಯಾ, "ಅಜ್ಜಿ, ವಾಯ್ ಮೂಡು, ಬಾಯ್ನೂ ಮುಚ್ಚಬೇಕು" ಎಂದು ಬೈದರೆ, "ಮೂಗ್ ಕವಸ ಅಂದ್ರು, ಮೂಗ್ ಮುಚ್ಕೊಂಡಿವ್ನಿ. ಬಾಯ್ ಮುಚ್ಚು ಅಂತ ಯಾವನಮ್ಮೀ ಏಳ್ದೋನು?" ಎಂದು ತಿರುಗಿಬಿದ್ದಳು. ಊರಿನ ಮುಕ್ಕಾಲು ಮುದುಕಿಯರು ಹೀಗೇ ಕಟ್ಟಿಕೊಂಡಿದ್ದರು. ಎರಡು ಭಾಷೆಯ ನಡುವೆ ಬದುಕುವವರ ತಪ್ಪುಗಳು ಹೀಗೇ. ಅವತ್ತು ನಕ್ಕಿದ್ದೆವು.

ನಿಂತ ಮೊದಲ ಸದ್ದು ಫ್ಯಾಕ್ಟರಿಯ ಸಂಗು, ಅಂದರೆ ಸೈರನ್ನು. ಅದರ ಕೂಗಿಗೇ ಊರು ಏಳುತ್ತಿತ್ತು, ಉಣ್ಣುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಉತ್ತರದ ಕಡೆಯ ಹುಡುಗರು ಒಂದು ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಸಾಲಾಗಿ ನಡೆದು ಹೋದರು. ಅತ್ತಿಗೆ ಅವರಿಗೆ ಮಜ್ಜಿಗೆ ಕೊಟ್ಟಳು, ದೂರದಿಂದ, ಲೋಟವನ್ನು ಕಲ್ಲಿನ ಮೇಲೆ ಇಟ್ಟು. ಅವರಲ್ಲಿ ಎಷ್ಟು ಜನ ಮನೆ ಮುಟ್ಟಿದರೋ ತಿಳಿಯದು. ಆ ಕಾಲವನ್ನು ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಕೆಮ್ಮಿದವರ ಮನೆಗೆ ತಗಡು ಹೊಡೆಯುತ್ತಿದ್ದರು, ಸತ್ತವರ ಮುಖ ತೋರಿಸುತ್ತಿರಲಿಲ್ಲ. ಆದರೆ ಯಾವತ್ತೋ ಒಂದು ಮಧ್ಯಾಹ್ನ ಊಟ ಮಾಡುವಾಗ ಅಣ್ಣ ತುತ್ತು ಹಿಡಿದುಕೊಂಡೇ ತಲೆಯೆತ್ತಿ, "ವಾಸ್ನೆ ಇಲ್ವಲ್ಲ" ಎಂದ. ನಾವೆಲ್ಲ ಮೂಗೆಳೆದು ನೋಡಿದೆವು. ಸಾರಿನ ವಾಸನೆ ಸಾರಿನದೇ ಆಗಿತ್ತು. ಅತ್ತಿಗೆ ಗಾಬರಿಯಾದಳು, ಕೊರೋನಾ ಬಂದರೆ ಮೂಗು ಸತ್ತುಹೋಗುತ್ತದೆ ಎಂದು ಟಿವಿಯಲ್ಲಿ ಹೇಳಿದ್ದರಲ್ಲ. ಕರಿಬೇವು ಕಿವುಚಿ ಎಲ್ಲರ ಮೂಗಿಗೂ ಹಿಡಿದಳು. ಮೂಗು ಸರಿಯಾಗಿಯೇ ಇದ್ದವು. ವಾಸನೆಯೇ ಹೋಗಿತ್ತು.

ಆಮೇಲೆ ಭರಣಿ ಮಳೆ ಬಂತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ, ಆ ವರ್ಷ ಹಾಗೆಯೇ ಬಂತು, ಗುಡುಗಿ, ದಪ್ಪ ಹನಿಯಾಗಿ. ಹಳ್ಳ ಕೆಂಪಗೆ ಹರಿದು ವರ್ಷಗಳ ಲೋಳೆಯನ್ನೆಲ್ಲ ಹಿನ್ನೀರಿಗೆ ಒಯ್ದು ಹಾಕಿತು. ನೀರು ಇಳಿದ ಮೇಲೆ ಅವ್ವ ಮೊರದಷ್ಟು ಅಗಲ ಮರಳು ತೋಡಿದಳು. ಮೊದಲು ಬಂದ ನೀರು ಹುಳಿ. ಮೊಗೆದು ಚೆಲ್ಲಿದಳು. ಮಾರನೆಯ ದಿನ ಮತ್ತೆ ತೋಡಿದಳು, ಮತ್ತೆ ಚೆಲ್ಲಿದಳು. ದಿನಾ ಹೋಗುತ್ತಿದ್ದಳು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಮೂಗಿಗೆ ಮಾತ್ರ ಮಾಸ್ಕು ಕಟ್ಟಿಕೊಂಡು. ಒಂದು ದಿನ ಆ ಮಾಸ್ಕನ್ನು ಕತ್ತಿಗೆ ಇಳಿಸಿ, ಬೊಗಸೆಯಲ್ಲಿ ನೀರು ಹಿಡಿದು, ನಾವು ಬೇಡ ಬೇಡ ಎನ್ನುವುದರೊಳಗೆ ಕುಡಿದುಬಿಟ್ಟಳು. ಕುಡಿದು ಬಾಯಿ ಚಪ್ಪರಿಸಿದಳು.

"ಎಂಗೈತೆ?" ಎಂದ ಅಣ್ಣ.

"ಅದೇ ಕಣ್ಲಾ" ಎಂದಳು. "ಅದೇ ನೀರು."

ನಾನೂ ಕುಡಿದೆ. ಸ್ವಲ್ಪ ಕಲ್ಲಿನ ರುಚಿ, ತಣ್ಣಗೆ. ನನಗೆ ಅಳು ಬಂತು. ಅವ್ವ ಮಾತ್ರ ಕುಣಿಯುವಷ್ಟು ಗೆಲುವಾಗಿದ್ದಳು. "ಈಗ್ಲೇ ಸತ್ರೆ ಒಳ್ಳೇದು, ನೀರ್ ಚೆನ್ನಾಗೈತೆ. ಏ ಮಾದೇಸ, ನನ್ ಬಾಯ್ಗೆ ಇದ್ನೇ ಬುಡು. ಕಾಸಿ ಗೀಸಿ ತಂದ್ಯೋ, ಎದ್ ಬಂದು ಒದೀತೀನಿ" ಎಂದಳು. ಅಲ್ಲಿಂದ ಮುಂದೆ ಮನೆಗೆ ಬಂದವರಿಗೆಲ್ಲ ಈ ಮಾತು. ಸಾವನ್ನು ಇಷ್ಟು ಸಂತೋಷದಿಂದ ಎದುರು ನೋಡಿದವರನ್ನು ನಾನು ಬೇರೆ ಕಂಡಿಲ್ಲ, ಅದೂ ಎಲ್ಲರೂ ಸಾವಿಗೆ ಹೆದರಿ ಒಳಗೆ ಕೂತಿದ್ದ ಕಾಲದಲ್ಲಿ.

ಇಲಕ್ಕಿಯಾಳ ಸಂತೋಷ ಬೇರೆ ಬಗೆಯದು. ಅವಳಿಗೆ ಈ ನೀರು ಉಳಿಯುತ್ತದೆ ಎಂಬ ನಂಬಿಕೆ ಹುಟ್ಟಿತ್ತು. ಸಂಜೆ ಜಗಲಿಯಲ್ಲಿ ಕೂತು, "ಅತ್ತೆ, ಫ್ಯಾಕ್ಟರಿಯೋರು ಒಂದು ದಿನ ಕೂಡ ನಿಲ್ಲಿಸಕ್ಕಾಗಲ್ಲ ಅಂತ ಸೊಲ್ಲಿಟ್ಟೇ ಇದ್ರಲ್ಲ? ಈಗ ಒಂದು ರಾತ್ರಿಲಿ ರೈಲು, ಬಸ್ಸು, ಇಸ್ಕೂಲು, ಕೋವಿಲ್ ಎಲ್ಲಾ ನಿಲ್ಲಿಸ್ಲಿಲ್ವಾ? ಇನ್ನೂ ಪೆರ್ಸಾ ಬರ್ತೈತೆ ಅತ್ತೆ, ವೆಯಿಲು, ಮಳೆ ಎಲ್ಲಾ ಮಾರಿ ಪೋಗುಂ. ಇದು ಅದಕ್ಕೆ ರಿಹರ್ಸಲ್ ಮಾದಿರಿ. ಊರೇ ನಿಲ್ಲಿಸಿದೋರ್ಗೆ ಒಂದು ಪೈಪು ನಿಲ್ಲಿಸಕ್ಕಾಗಲ್ವಾ?" ಎನ್ನುತ್ತಿದ್ದಳು. ಇದಕ್ಕಿಂತ ದೊಡ್ಡದು ಬರಲಿದೆ, ಬಿಸಿಲು ಮಳೆ ಎಲ್ಲ ಬದಲಾಗಲಿವೆ, ಇದು ಅದಕ್ಕೊಂದು ತಾಲೀಮು ಎಂದು ಅವಳ ಮಾತು. ಫ್ಯಾಕ್ಟರಿ ಹೇಗೂ ನಿಂತಿದೆ, ತೊಟ್ಟಿ ಕಟ್ಟಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ, ತೊಟ್ಟಿ ಕಟ್ಟಿಯೇ ಬಾಗಿಲು ತೆಗೆಯಲಿ. ಇಷ್ಟೇ ಅವಳು ಕೇಳಿದ್ದು. ಮುಚ್ಚಿಬಿಡಿ ಎಂದು ಅವಳೂ ಹೇಳಲಿಲ್ಲ.

ಅಣ್ಣ ಅದಕ್ಕೂ ತಲೆಯಾಡಿಸಲಿಲ್ಲ. ಅವನ ಗೆಣಸು ನೆಲದಲ್ಲೇ ಇತ್ತು. ಅಗೆಯದೆ ಬಿಟ್ಟರೆ ನಾರಾಗುತ್ತದೆ, ಅಗೆದರೆ ಎರಡೇ ದಿನಕ್ಕೆ ಕಪ್ಪಾಗುತ್ತದೆ. ಕೊಳ್ಳುವವರು ಫ್ಯಾಕ್ಟರಿಯವರೊಬ್ಬರೇ. "ತೊಟ್ಟಿ ಕಟ್ಟೋಗಂಟ ನನ್ ಗೆಣ್ಸು ಕಾಯ್ತದಾ? ನಿನ್ ಅತ್ತೆ ಸಂಡ್ಗೆ ಮಾಡ್ಕೊಂಡು ತಿನ್ತಾಳಾ ಅಷ್ಟೂನೂ?" ಎಂದ. ನನ್ನ ಕಡೆ ನೋಡಿ ನಕ್ಕ. ಅವನ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ. ಅವನ ಮಗಳ ಮಾತೂ ಸರಿಯೇ. ಹುಣಸೆಹಣ್ಣು ಬಿಡಿಸುತ್ತ ಕೂತೆ.

ಊರುಗಳ ಬೀಗ ಒಂದೊಂದಾಗಿ ತೆಗೆಯತೊಡಗಿದಾಗ, ಫ್ಯಾಕ್ಟರಿ ಮತ್ತೆ ಶುರುವಾಗುವ ಮೊದಲು ಹಳ್ಳ ನೋಡಲು ಸರ್ಕಾರದ ಆಫೀಸಿನಿಂದ ಬರುತ್ತಾರೆ ಎಂಬ ಸುದ್ದಿ ಬಂತು. ಹಳೆಯ ತಕರಾರುಗಳ ಸಲುವಾಗಿ ಊರವರನ್ನೂ ಕೇಳುತ್ತಾರಂತೆ. ಇಲಕ್ಕಿಯಾ ಅವ್ವನನ್ನು ಕೂರಿಸಿಕೊಂಡು ಪಾಠ ಹೇಳಿದಳು. ಮೊದಲು ನೀರು ಹೇಗಿತ್ತು, ಫ್ಯಾಕ್ಟರಿ ಬಂದ ಮೇಲೆ ಏನಾಯಿತು, ಈಗ ಹೇಗಿದೆ, ಎಲ್ಲ ಹೇಳಬೇಕು. ಊರಿನಲ್ಲಿ ಅಷ್ಟು ಹಳಬಳು ಅವಳೇ, ಒರತೆ ತೋಡಿದವಳೂ ಅವಳೇ. ಅವ್ವ, "ನಂಗೇನ್ ಬಾಯಿಲ್ವಾ? ನಾ ಏಳ್ತೀನಿ ಬುಡು" ಎಂದಳು. ತಮಿಳು ಅವಳಿಗೆ ನೀರು ಕುಡಿದಷ್ಟು ಸಲೀಸು. ಬೀದಿಯ ತಮಿಳು, ಸಂತೆಯ ತಮಿಳು, ಜಗಳದ ತಮಿಳು. ಆಫೀಸಿನ ತಮಿಳು ಬೇರೆ ಇದೆ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಅವರು ಬರುವ ಹಿಂದಿನ ದಿನ ನಮ್ಮ ಹಸು ಕೆಂದಿ ಕರು ಹಾಕಿತು. ಕರು ಚೆನ್ನಾಗಿಯೇ ಬಂತು, ಮಾಸು ಬೀಳಲಿಲ್ಲ. ಹಸು ಸಾಕಿದವರಿಗೆ ಗೊತ್ತು, ಕರುವಿನ ಹಿಂದೆ ಬರಬೇಕಾದ ಆ ಚೀಲ ಹೊಟ್ಟೆಯಲ್ಲೇ ಉಳಿದರೆ ಕೊಳೆತು ತಾಯಿಯನ್ನೇ ತಿನ್ನುತ್ತದೆ. ಪೇಟೆಯಿಂದ ಡಾಕ್ಟರು ಬರುವ ಕಾಲವಲ್ಲ ಅದು. ಅವ್ವ ಬಿದಿರ ಸೊಪ್ಪು ತಿನ್ನಿಸಿ, ಬೆಲ್ಲದ ನೀರು ಕುಡಿಸಿ, ಕೊಟ್ಟಿಗೆ ಬಿಟ್ಟು ಏಳಲಿಲ್ಲ. ನೆರೆಹೊರೆಯವರೆಲ್ಲ ಹಾದು ಹೋಗುವಾಗ ಕೇಳುವುದು ಒಂದೇ, "ಮಾಸು ಬಿತ್ತಾ? ಮಾಸು ಬಿತ್ತಾ?" ಬೆಳಗಾದ ಮೇಲೆ ಅಂತೂ ಬಿತ್ತು, ಪೂರ್ತಿಯಾಗಿ. ಅವ್ವ ಅದನ್ನು ಬೇವಿನ ಮರದಡಿ ಹೂತು, ಕೈ ತೊಳೆದು, ಮಾದಪ್ಪನಿಗೆ ಕೈ ಮುಗಿಯುವ ಹೊತ್ತಿಗೆ ಜೀಪು ಬಂದು ನಿಂತಿತು.

ನಾನು ಕೊಟ್ಟಿಗೆಯಲ್ಲಿ ಕರುವನ್ನು ಒರೆಸುತ್ತಿದ್ದೆ. ಮಾತು ಅಲ್ಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವರು ಹಳ್ಳಕ್ಕೆ ಮೊದಲೇ ಹೋಗಿ ಬಾಟಲಿಗೆ ನೀರು ತುಂಬಿಕೊಂಡಿದ್ದರು. ಮಾಸ್ಕಿನೊಳಗಿಂದ, ದೂರದಲ್ಲಿ ನಿಂತು, ಒಬ್ಬ ಅಧಿಕಾರಿ ಮರ್ಯಾದೆಯಿಂದಲೇ ಕೇಳಿದ, "ಪಾಟ್ಟಿ, ಇಪ್ಪೊ ಮಾಸು ಎಪ್ಪಡಿ ಇರುಕ್ಕು?"

ಅಜ್ಜಿ, ಈಗ ಮಾಸು ಹೇಗಿದೆ ಎಂದು ಅವನ ಪ್ರಶ್ನೆ. ತಮಿಳಿನ ಆಫೀಸು ಭಾಷೆಯಲ್ಲಿ ಮಾಸು ಎಂದರೆ ಮಾಲಿನ್ಯ. ಅವ್ವ ಆ ಅರ್ಥವನ್ನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಹಿಂದಿನ ದಿನದಿಂದ ಊರೆಲ್ಲ ಕೇಳುತ್ತಿದ್ದ ಪ್ರಶ್ನೆಯನ್ನೇ ಪಾಪ ಈ ದೊಡ್ಡ ಮನುಷ್ಯನೂ ಕೇಳುತ್ತಿದ್ದಾನೆ ಎಂದುಕೊಂಡಳು. ಅವಳ ದನಿಯಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ ನನಗೆ ಈಗಲೂ ಕೇಳಿಸುತ್ತದೆ. "ಮಾಸು ಪೋಯಿರುಚ್ಚು ಸಾಮಿ! ಕಾಲೈಲೇ ಪೋಯಿರುಚ್ಚು. ಸುತ್ತಮಾ ಪೋಯಿರುಚ್ಚು, ಇಪ್ಪೊ ಒಣ್ಣುಮೇ ಇಲ್ಲೆ. ನೀಂಗ ಒಣ್ಣುಂ ಬಯಪ್ಪಡಾದೀಂಗ" ಎಂದಳು. ಹೋಯಿತು, ಪೂರ್ತಿ ಹೋಯಿತು, ಈಗೇನೂ ಇಲ್ಲ, ನೀವೇನೂ ಹೆದರಬೇಡಿ. ಅವರ ಜೊತೆಗಿದ್ದವನು ಮೊಬೈಲಿನಲ್ಲಿ ಹಿಡಿದುಕೊಂಡ.

ಊರವರಿಗೆ ಅರ್ಥವಾಯಿತು. ಇಬ್ಬರು ಮೂವರು ನಕ್ಕರು. ಇಲಕ್ಕಿಯಾ, "ಸಾರ್, ಅವಂಗ ಸೊನ್ನದು..." ಎಂದು, ಅಜ್ಜಿ ಹೇಳಿದ್ದೇನೆಂದು ತಿಳಿಸಲು ಮುಂದೆ ಬಂದಳು. ಅಣ್ಣ ಅವಳ ತೋಳು ಹಿಡಿದು, "ಸುಮ್ಕಿರು" ಎಂದ. ಮೆಲ್ಲಗೇ ಹೇಳಿದ, ಆದರೆ ಕೈ ಬಿಡಲಿಲ್ಲ. ಸುತ್ತ ನಿಂತಿದ್ದವರೆಲ್ಲ ಗೆಣಸು ಬೆಳೆದವರು. ಯಾರೂ ಬಾಯಿ ಬಿಡಲಿಲ್ಲ. ಅವತ್ತು ನಮ್ಮೂರಿನವರು ಮುಗಕ್ಕವಸವನ್ನು ಸರಿಯಾಗಿ ಹಾಕಿಕೊಂಡಿದ್ದರು.

ನಾನು ಕೈ ಒರೆಸಿಕೊಂಡು ಹೊರಗೆ ಓಡಿಬಂದು ಅದು ಹಸುವಿನ ಮಾತು ಎಂದು ತಿಳಿಸಿ ಹೇಳಿದೆ. ಅಧಿಕಾರಿ ಮನಸಾರೆ ನಕ್ಕ. ಕೆಟ್ಟವನೇನಲ್ಲ ಅವನು. "ಪರವಾಯಿಲ್ಲೆಮ್ಮಾ. ಪಾಟ್ಟಿ ಎದೈ ಸೊನ್ನಾಲುಂ ಸರಿ, ತಣ್ಣಿಯೈ ಪಾತ್ತಾಚ್ಚು. ತಣ್ಣಿ ನಲ್ಲಾತ್ತಾನೇ ಇರುಕ್ಕು?" ಎಂದ. ಅಜ್ಜಿ ಏನೇ ಹೇಳಿರಲಿ, ನೀರು ನೋಡಿದ್ದೇವೆ, ನೀರು ಚೆನ್ನಾಗಿಯೇ ಇದೆಯಲ್ಲ? ಹೌದು. ನೀರು ಚೆನ್ನಾಗಿತ್ತು. ಫ್ಯಾಕ್ಟರಿ ನಿಂತದ್ದಕ್ಕೆ ಚೆನ್ನಾದ ನೀರನ್ನು ತೋರಿಸಿಯೇ ಫ್ಯಾಕ್ಟರಿಯ ಬಾಗಿಲು ತೆಗೆಯಲಿದ್ದರು. ಫ್ಯಾಕ್ಟರಿ ನಿಂತಾಗ ಸಾರ್ ಹೀಗೆ, ನಡೆಯುವಾಗ ಬಂದು ನೋಡಿ ಎಂದು ಇಲಕ್ಕಿಯಾ ಕೂಗುತ್ತಿದ್ದಂತೆಯೇ ಜೀಪು ತಿರುಗಿತು.

ಅವ್ವನಿಗೆ ನಾವು ಹೇಳಬೇಕಾಯಿತು. ಹೇಳಿದಾಗ ಮೊದಲು ಅವಳೂ ನಕ್ಕಳು, ಹಲ್ಲಿಲ್ಲದ ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ನಗು ನಿಂತಿತು. "ಅಂಗಾರೆ ನನ್ ಬಾಯ್ಗೆ ನಾನೇ ಮಣ್ ಆಕ್ಕೊಂಡ್ನಾ?" ಎಂದಳು. ಇಲ್ಲವ್ವ, ನೀನು ಏನು ಹೇಳಿದ್ದರೂ ಅವರು ಅದನ್ನೇ ಬರೆಯುತ್ತಿದ್ದರು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅಣ್ಣ ಮುಖ ತಗ್ಗಿಸಿ ಹಗ್ಗ ಹೊಸೆಯುತ್ತಿದ್ದ. ಅವ್ವ ಅವನನ್ನು ಬೈಯಲಿಲ್ಲ. ಗೆಣಸು ಅವನೊಬ್ಬನದೇ ಅಲ್ಲ, ಅವಳು ಉಣ್ಣುವ ಅನ್ನವೂ ಅದರದೇ ಎಂಬುದು ಅವಳಿಗೆ ತಿಳಿದಿತ್ತು.

ಮಾರನೆಯ ದಿನ ದೇವರ ಗೂಡಿನ ಗಂಗೆ ಗಿಂಡಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿ, ಒರತೆಗೆ ಹೋಗಿ, ಬಟ್ಟೆಯಲ್ಲಿ ಸೋಸಿ ತುಂಬಿ ತಂದಳು. ಬಾಯಿಗೆ ಬೆಸುಗೆ ಹಾಕುವವರು ಎಲ್ಲಿದ್ದಾರೆ? ಬೋರ್‌ವೆಲ್ ಪೈಪಿಗೆ ಮೆತ್ತುವ ಅಂಟನ್ನು ಅಣ್ಣ ತಂದು, ತಾನೇ ಕಲಸಿ, ಸುತ್ತ ಮೆತ್ತಿ ಮುಚ್ಚಿದ. ಅವ್ವ ಅದನ್ನು ಅಲ್ಲಾಡಿಸಿ, ಕಿವಿಗಿಟ್ಟು ಕೇಳಿ, ಗೂಡಿನಲ್ಲಿ ನಿಲ್ಲಿಸಿ ಇಟ್ಟಳು. "ಸಂಗು ಊದೋದ್ರೊಳ್ಗೆ ಸಾಯಾಕಾಗಾಕಿಲ್ಲ, ಇದಾದ್ರೂ ಇರ್ಲಿ" ಎಂದಳು.

ಸಂಗು ಊದಿದ್ದನ್ನು ನಾನೇ ಕೇಳಿದೆ. ಹೊಸ ಹುಡುಗರು ಬಂದರು, ಲಾರಿಗಳು ಬಂದವು, ಅಣ್ಣನ ಗೆಣಸು ಹೋಯಿತು. ವಾಸನೆ ಒಂದೇ ದಿನಕ್ಕೆ ಬರಲಿಲ್ಲ. ಮೊದಲು ಸಂಜೆಗಳಲ್ಲಿ, ಗಾಳಿ ಆ ಕಡೆಯಿಂದ ಬೀಸಿದಾಗ ಮಾತ್ರ. ಆಮೇಲೆ ಸಾರಿನಲ್ಲಿ. ಪಾಲಾರ್ ತೆರೆದು, ಇ-ಪಾಸ್ ಸಿಕ್ಕಿ ನಾನು ಹೊರಡುವ ಹೊತ್ತಿಗೆ ಅವ್ವ ಒರತೆಯನ್ನು ಇನ್ನೂ ಮೇಲಕ್ಕೆ, ಇನ್ನೂ ದಡಕ್ಕೆ ತೋಡುತ್ತಿದ್ದಳು. ಹೊರಡುವ ಬೆಳಿಗ್ಗೆ ಅವಳು ಬೊಗಸೆ ಮೂಸಿ ನೋಡಿ, ಕುಡಿಯದೆ ಚೆಲ್ಲಿದ್ದನ್ನು ನೋಡಿದೆ.

ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ. ಸಂಕಟ ಹೋದ ಮೇಲೆ ನಮಗೆ ವೆಂಕಟರಮಣನೂ ನೆನಪಿಲ್ಲ, ಸಂಕಟವೂ ನೆನಪಿಲ್ಲ. ಆ ವರ್ಷ ಕಣ್ಣಿಗೆ ಕಾಣದ ಹುಳುವಿಗೆ ಹೆದರಿ ದೇಶವೇ ಬಾಗಿಲು ಹಾಕಿಕೊಂಡಿತು, ಹೇಳಿದ ಕಷಾಯವನ್ನೆಲ್ಲ ಕುಡಿಯಿತು, ಗೆರೆ ಎಳೆದಲ್ಲಿ ನಿಂತಿತು. ಕಣ್ಣಿಗೆ ಕಾಣುವ, ಮೂಗಿಗೆ ಹೊಡೆಯುವ ಹಳ್ಳಕ್ಕೆ ಒಂದು ತೊಟ್ಟಿ ಕಟ್ಟಲಾಗಲಿಲ್ಲ. ರೋಗ ದೊಡ್ಡವರ ಮನೆಗೂ ನುಗ್ಗಿತು, ಅದಕ್ಕೆ ಎಲ್ಲವೂ ನಿಂತಿತು ಎಂದು ನನಗೆ ಅನ್ನಿಸುತ್ತದೆ. ಬಿಸಿಲು ಹೊಲದಲ್ಲಿ ಬಗ್ಗಿದವರನ್ನು ಮೊದಲು ಹೊಡೆಯುತ್ತದೆ, ಹಳ್ಳ ಕೆಳಗಿನವರನ್ನು ಮೊದಲು ಕೊಲ್ಲುತ್ತದೆ. ಆಗುವುದಿಲ್ಲ ಎಂದು ಅವರು ಹೇಳುತ್ತಿದ್ದುದು ಸುಳ್ಳೆಂದು ನಾವು ಕಣ್ಣಾರೆ ಕಂಡೆವು. ಕಂಡ ಮೇಲೂ ಏನೂ ಆಗಲಿಲ್ಲ. ಕಾಣದಿದ್ದರೇ ಚೆನ್ನಾಗಿತ್ತೋ ಏನೋ, ಆಸೆಯಾದರೂ ಉಳಿದಿರುತ್ತಿತ್ತು ಎಂದು ಒಮ್ಮೊಮ್ಮೆ ಅನ್ನಿಸಿ ಸಿಟ್ಟು ಬರುತ್ತದೆ.

ಆಮೇಲಿನ ವರ್ಷಗಳಲ್ಲಿ ಭರಣಿ ಮಳೆ ಭರಣಿಯಲ್ಲಿ ಬಂದದ್ದು ಕಡಿಮೆ. ಬಂದರೆ ಒಂದೇ ದಿನ ಹೊಲ ಕೊಚ್ಚುವಷ್ಟು, ಇಲ್ಲದಿದ್ದರೆ ಇಲ್ಲವೇ ಇಲ್ಲ. ಬಿಸಿಲಿಗೆ ಮಧ್ಯಾಹ್ನ ಕಳೆ ಕೀಳಲು ಯಾರೂ ಬರುವುದಿಲ್ಲ. ಕೆಂದಿ ಮಾರಿಯಾಯಿತು. ಊರಿಗೆ ಕ್ಯಾನ್ ನೀರಿನ ಗಾಡಿ ಬರುತ್ತದೆ. ಇಲಕ್ಕಿಯಾ ಈರೋಡಿನ ಕಡೆ ಒಂದು ಬಟ್ಟೆ ಅಂಗಡಿಯ ಆಫೀಸಿನಲ್ಲಿದ್ದಾಳೆ. ಫೋನ್ ಮಾಡಿದರೆ ಪೂರ್ತಿ ತಮಿಳಿನಲ್ಲೇ ಮಾತಾಡುತ್ತಾಳೆ. ಆ ರಿಹರ್ಸಲ್ ಮಾತನ್ನು ನಾನೊಮ್ಮೆ ಎತ್ತಿದಾಗ, "ವಿಡು ಅತ್ತೆ" ಎಂದಳು. ಬಿಡು ಅತ್ತೆ.

ಅವ್ವ ಹೋದ ಬೇಸಿಗೆ ತೀರಿಕೊಂಡಳು. ಕೊರೋನಾ ಅಲ್ಲ, ಮುಪ್ಪು, ಅದರ ಮೇಲೆ ಆ ವರ್ಷದ ಸೆಕೆ. ಸುದ್ದಿ ತಿಳಿದು ನಾನು ತಲುಪಿದಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಕಿಟಕಿ ಮುಚ್ಚಿದ್ದರೂ ಮನೆಯಲ್ಲಿ ಹಳ್ಳದ ವಾಸನೆ ಇತ್ತು. ಅಣ್ಣ ಗೂಡಿನಿಂದ ಗಿಂಡಿ ಇಳಿಸಿದ. ಅಂಟು ಕಲ್ಲಾಗಿತ್ತು, ಸ್ಕ್ರೂಡ್ರೈವರ್ ಹಾಕಿ ಮೀಟಬೇಕಾಯಿತು. ಎರಡು ಸಲ ಜಾರಿತು. ನೀರು ಕೆಟ್ಟಿದ್ದರೆ ಏನು ಮಾಡುವುದೆಂದು ನನಗೆ ಹೆದರಿಕೆ. ಮುಚ್ಚಳ ಬಿಟ್ಟಾಗ ನಾನೇ ಮೂಸಿದೆ. ಏನೂ ವಾಸನೆ ಇರಲಿಲ್ಲ. ತಾಮ್ರದ್ದು ಸ್ವಲ್ಪ, ಕಲ್ಲಿನದು ಸ್ವಲ್ಪ.

ಚಮಚದಲ್ಲಿ ಅವ್ವನ ಬಾಯಿಗೆ ಬಿಟ್ಟೆವು, ಮೊದಲು ಅಣ್ಣ, ಆಮೇಲೆ ನಾನು, ಅತ್ತಿಗೆ, ಬಸ್ಸಿಳಿದು ಓಡಿಬಂದ ಇಲಕ್ಕಿಯಾ. ಗುಟುಕು ಗಂಟಲಲ್ಲಿ ಇಳಿದದ್ದು ಕಾಣಿಸಿತು. ಅದೇ ನೀರೆಂದು ಅವಳಿಗೆ ಗೊತ್ತಾಯಿತೆಂದೇ ನಾನು ನಂಬಿದ್ದೇನೆ. ಉಳಿದ ನೀರನ್ನು ಪದ್ಧತಿಯಂತೆ ಅವಳ ತಲೆಗೂ ಕಾಲಿಗೂ ಚಿಮುಕಿಸಿದೆವು.

ಎಲ್ಲ ಮುಗಿದ ಮೇಲೆ ಅಣ್ಣ ಗಿಂಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವ್ವನ ಪಕ್ಕದಲ್ಲೇ ಕೂತಿದ್ದ. ಹೊರಗೆ ಮಧ್ಯಾಹ್ನದ ಸಂಗು ಊದಿತು. ಅವನು ಗಿಂಡಿಯನ್ನು ಅವ್ವ ಮಾಡುತ್ತಿದ್ದಂತೆ ಅಲ್ಲಾಡಿಸಿ, ಕಿವಿಗಿಟ್ಟು ಕೇಳಿದ. ಬಗ್ಗಿಸಿ ಅಂಗೈ ಮೇಲೆ ಕೊಡವಿದ. ಒಂದು ಹನಿ ಬಿತ್ತು. ಅದನ್ನು ನೋಡುತ್ತ, ನನಗಲ್ಲ, ಅವ್ವನಿಗೇ ಕೇಳುವವನಂತೆ ಮೆಲ್ಲಗೆ ಹೇಳಿದ.

"ನಮ್ ಬಾಯ್ಗೆ ಯಾವ್ ನೀರವ್ವಾ?"